ಬೌರ್ಬನ್ ವಿಸ್ಕಿಯ ಸಿಹಿ ಎಲ್ಲಿಂದ ಬರುತ್ತದೆ, ಅದನ್ನು ಹೇಗೆ ಕುಡಿಯಬೇಕು?

ತೀರ್ಥಹಳ್ಳಿಯವನು:
ಅಮೆರಿಕದಲ್ಲಿರುವ ನಮ್ಮ ಭಾವ ಊರಿಗೆ ಬಂದಾಗ ಕೆಂಟಕಿಯ ಸ್ಟ್ರೈಟ್ ಬೌರ್ಬನ್ನಿನ ಒಂದು ಬಾಟಲಿ ತಂದುಕೊಟ್ಟಿದ್ದಾರೆ. ಮುಚ್ಚಳ ತೆಗೆದ ಕೂಡಲೇ ವೆನಿಲ್ಲಾದ ಪರಿಮಳ ಮೂಗಿಗೆ ಅಡರುತ್ತದೆ, ನಾಲಗೆಗೂ ಸಿಹಿ ತಾಗುತ್ತದೆ. ಇದಕ್ಕೆ ಸಕ್ಕರೆಯನ್ನೋ ಎಸೆನ್ಸನ್ನೋ ಬೆರೆಸಿರುತ್ತಾರೆಯೇ? ಲೇಬಲ್ಲಿನ ಮೇಲೆ ‘ಬಾಟಲ್ಡ್ ಇನ್ ಬಾಂಡ್’, ‘100 ಪ್ರೂಫ್’ ಎಂದೂ ಇದೆ. ನಮ್ಮಲ್ಲಿಯ ರೂಢಿಯಂತೆ ಸೋಡಾ ಸುರಿದು ಕುಡಿಯಬಹುದೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಶಿಕಾರಿಪುರದ ರೈತ:
ಏನನ್ನೂ ಬೆರೆಸಿರುವುದಿಲ್ಲ. ಸ್ಟ್ರೈಟ್ ಬೌರ್ಬನ್ನಿಗೆ, ಅಂದರೆ ಕನಿಷ್ಠ ಎರಡು ವರ್ಷ ಮರದ ಪೀಪಾಯಿಯಲ್ಲಿಟ್ಟದ್ದಕ್ಕೆ, ಬಣ್ಣ, ರುಚಿ ಸೇರಿಸಲು ಅಲ್ಲಿಯ ಕಾನೂನು ಬಿಡುವುದಿಲ್ಲ. ಧಾನ್ಯದಲ್ಲಿ ಕನಿಷ್ಠ ಶೇ. 51ರಷ್ಟು ಮೆಕ್ಕೆಜೋಳವೇ ಇರಬೇಕು. ನಮ್ಮ ತಾಲ್ಲೂಕಿನವರು ಲಾರಿಗಟ್ಟಲೆ ಬೆಳೆದು ಕೋಳಿ ಆಹಾರಕ್ಕೆ ಕಳುಹಿಸುವ ಅದೇ ಜೋಳ. ಉಳಿದದ್ದು ಸಾಮಾನ್ಯವಾಗಿ ರೈ ಎಂಬ ಧಾನ್ಯ ಮತ್ತು ಮೊಳಕೆ ಬರಿಸಿದ ಬಾರ್ಲಿ. ರೈ ಹೆಚ್ಚಿದ್ದರೆ ಕಾಳುಮೆಣಸಿನಂತಹ ಖಾರ ತೋರುತ್ತದೆ, ಅದರ ಬದಲು ಗೋಧಿ ಹಾಕಿದರೆ ರುಚಿ ಮೃದುವಾಗುತ್ತದೆ.

ಆದರೆ ಬಟ್ಟಿ ಇಳಿಸುವಾಗ ಸಕ್ಕರೆ ಆವಿಯಾಗಿ ಮೇಲೇರುವುದಿಲ್ಲವಾದ್ದರಿಂದ, ನಿಮಗೆ ಸಿಹಿ ಎನಿಸುತ್ತಿರುವುದು ಬಹುಪಾಲು ಪೀಪಾಯಿಯ ಕೆಲಸ. ಒಳಮೈಯನ್ನು ಬೆಂಕಿಯಲ್ಲಿ ಕರಕಲು ಮಾಡಿದ ಹೊಸ ಓಕ್ ಪೀಪಾಯಿಯಲ್ಲೇ ಅದನ್ನು ಇಡಬೇಕೆಂಬುದು ನಿಯಮ. ಆ ಕರಕಲಿನ ಹಿಂದಿನ ಪದರದಲ್ಲಿ ಮರದ ಸಕ್ಕರೆಯಂಶ ಕಾದು ಕಂದಾಗಿರುತ್ತದೆ, ವೆನಿಲ್ಲಾದ ಪರಿಮಳಕ್ಕೆ ಕಾರಣವಾದ ವೆನಿಲಿನ್ ಕೂಡ ಬಿಡುಗಡೆಯಾಗಿರುತ್ತದೆ. ಕೆಂಟಕಿಯ ಬೇಸಗೆಯಲ್ಲಿ ಮದ್ಯ ಹಿಗ್ಗಿ ಮರದೊಳಗೆ ಇಳಿದು, ಚಳಿಗಾಲದಲ್ಲಿ ಕುಗ್ಗಿ ಹೊರಬರುವಾಗ ಇವನ್ನೆಲ್ಲ ತನ್ನೊಡನೆ ತರುತ್ತದೆ. ಆಲೆಮನೆಯಲ್ಲಿ ಜೋನಿಬೆಲ್ಲ ಇಳಿಸುವ ಹೊತ್ತಿನ ಘಮ ಬಲ್ಲವರಿಗೆ ಈ ವಾಸನೆ ಹೊಸದೇನಲ್ಲ. ಒಮ್ಮೆ ಬಳಸಿದ ಪೀಪಾಯಿಯಲ್ಲಿ ಮತ್ತೆ ಬೌರ್ಬನ್ ಇಡುವಂತಿಲ್ಲ. ಅವುಗಳಲ್ಲಿ ಬಹಳಷ್ಟು ಅಲ್ಲಿಯ ವಿಸ್ಕಿ ಇಡಲು ಸ್ಕಾಟ್ಲೆಂಡಿಗೆ ಹೋಗುತ್ತವೆ.

ಸಾಗರದಿಂದ:
ಲೇಬಲ್ಲಿನ ಮಾತು. ಬಾಟಲ್ಡ್ ಇನ್ ಬಾಂಡ್ ಎಂಬುದು ಕಲಬೆರಕೆ ತಡೆಯಲು 1897ರಲ್ಲಿ ತಂದ ಕಾಯ್ದೆಯ ಗುರುತು: ಒಂದೇ ಭಟ್ಟಿಯಲ್ಲಿ, ಒಂದೇ ಹಂಗಾಮಿನಲ್ಲಿ ತಯಾರಾಗಿ, ಕನಿಷ್ಠ ನಾಲ್ಕು ವರ್ಷ ಪೀಪಾಯಿಯಲ್ಲಿದ್ದು, 100 ಪ್ರೂಫಿನಲ್ಲಿ, ಅಂದರೆ ಶೇ. 50ರಷ್ಟು ಮದ್ಯಸಾರದೊಂದಿಗೆ ಬಾಟಲಿಗೆ ಇಳಿದಿರಬೇಕು. ನಮ್ಮ ಅಂಗಡಿಗಳ ಶೇ. 42.8ರ ವಿಸ್ಕಿಯ ಲೆಕ್ಕದಲ್ಲಿ ಇದನ್ನು ಸುರಿದುಕೊಂಡರೆ ತಲೆಗೆ ಬೇಗ ಏರುತ್ತದೆ, ಎಚ್ಚರವಿರಲಿ.

ಮೊದಲ ಗುಟುಕನ್ನು ಹಾಗೆಯೇ, ತೀರಾ ಸ್ವಲ್ಪ, ನಾಲಗೆಯ ಮೇಲೆ ಹರಡಿಕೊಳ್ಳಿ. ಆಮೇಲೆ ಒಂದು ಚಮಚ ನೀರು ಬೆರೆಸಿ. ಉರಿ ತಗ್ಗಿ ಪರಿಮಳ ಬಿಚ್ಚಿಕೊಳ್ಳುತ್ತದೆ. ಸೋಡಾ ಹಾಕುವುದು ಅಪರಾಧವೇನಲ್ಲ, ಆದರೆ ಲೋಟ ತುಂಬುವಷ್ಟು ಹಾಕಿದರೆ ನಾಲ್ಕು ವರ್ಷ ಮರದಲ್ಲಿ ಕೂತದ್ದು ನೀರುಪಾಲಾದಂತೆಯೇ. ಜೊತೆಗೆ ಹಲಸಿನಕಾಯಿ ಹಪ್ಪಳ ಸಾಕು. ಖಾರದ ಕೋಳಿಸಾರನ್ನು ಊಟಕ್ಕೆ ಇಟ್ಟುಕೊಳ್ಳಿ. ಮೊದಲೇ ತಿಂದರೆ ನಾಲಗೆಗೆ ಬೇರೇನೂ ತಿಳಿಯದು.

ಆಗುಂಬೆ ಘಾಟಿ:
ಕೆಂಟಕಿಯದ್ದಾದರೆ ಮಾತ್ರ ಬೌರ್ಬನ್ ಎಂದು ಹಲವರು ನಂಬಿರುವುದರಿಂದ ಒಂದು ಸೇರ್ಪಡೆ: ಅಮೆರಿಕದ ಯಾವ ರಾಜ್ಯದಲ್ಲಿ ಮಾಡಿದರೂ ಆ ಹೆಸರು ಸಲ್ಲುತ್ತದೆ. ಅದು ಆ ದೇಶದ ವಿಶಿಷ್ಟ ಉತ್ಪನ್ನವೆಂದು ಅಲ್ಲಿಯ ಸಂಸತ್ತಾದ ಕಾಂಗ್ರೆಸ್ 1964ರಲ್ಲಿ ನಿರ್ಣಯಿಸಿತು.

ಸಾಗರದವರು ಐಸ್ ಬಗ್ಗೆ ಏನೂ ಹೇಳಿಲ್ಲ. ಶೇ. 50ರ ಬೌರ್ಬನ್ನಿಗೆ ಒಂದು ದೊಡ್ಡ ತುಂಡು ಐಸ್ ಚೆನ್ನಾಗಿಯೇ ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಇನ್ನು, ಬಾಟಲಿಯನ್ನು ಮಲಗಿಸಿ ಇಡಬೇಡಿ, ಕಾರ್ಕ್ ಹಾಳಾಗುತ್ತದೆ. ಬಿಸಿಲು ಬೀಳದ ಕಪಾಟಿನಲ್ಲಿ ನಿಲ್ಲಿಸಿಟ್ಟರೆ, ನಮ್ಮ ಮಳೆಗಾಲದಲ್ಲಿ ಲೇಬಲ್ಲಿಗೆ ಬೂಸಲು ಬಂದರೂ ಒಳಗಿನದಕ್ಕೆ ಏನೂ ಆಗುವುದಿಲ್ಲ.