ಅಪ್‌ಡೇಟ್: ಅಮ್ಮ ಹೋದ ಮೇಲೆ ಪ್ರಾರ್ಥನೆಯೇ ಬರುತ್ತಿಲ್ಲ ಎಂದು ಕೇಳಿದ್ದೆ

ಕುಂಬಳೆಯಿಂದ ಬರೆಯುತ್ತಿದ್ದೇನೆ. ಅಮ್ಮ ತೀರಿಹೋದ ಮೇಲೆ ಪ್ರಾರ್ಥನೆಗೆ ಕೂತರೆ ಮಾತೇ ಹೊರಡುತ್ತಿಲ್ಲ ಎಂದು ಮೂರು ವಾರದ ಹಿಂದೆ ಕೇಳಿದ್ದೆ ಅಲ್ವಾ, ಅದರ ಮುಂದಿನ ಕಥೆ ಇದು.

ಬೆಳಿಗ್ಗೆ ಐದಕ್ಕೆ ಎದ್ದು ಬೈಬಲ್ ಓದುವುದು ನಾಲ್ಕೇ ದಿನ ನಡೆಯಿತು. ಫೋನಿಗೆ ಬರುವ ದಿನದ ವಚನವನ್ನೂ ಸುಮ್ನೆ ನೋಡಿ ಬಿಡುತ್ತಿದ್ದೆ.

ಕೈ ಹಿಡಿದದ್ದು ಒಬ್ಬರು ಅಕ್ಕ ಹೇಳಿದ, ಬೈಬಲಿನ 13ನೇ ಕೀರ್ತನೆ. ಆರೇ ವಚನ. ಶುರುವಿನಲ್ಲೇ ‘ಎಷ್ಟು ಕಾಲ’ ಎಂದು ನಾಲ್ಕು ಸಲ ದೇವರನ್ನೇ ಕೇಳುತ್ತದೆ. ದೇವರ ಹತ್ತಿರ ದೂರುವುದೂ ಪ್ರಾರ್ಥನೆಯೇ ಎಂದು ನನಗೆ ಗೊತ್ತೇ ಇರಲಿಲ್ಲ! ಅಡಿಕೆ ಸುಲಿಯುತ್ತಾ ಅದನ್ನು ಬಾಯಿಪಾಠ ಮಾಡಿದೆ. ಮೊನ್ನೆ ಕೊನೆಯ ವಚನಕ್ಕೆ ಬರುವಾಗ ಕೈ ನಿಂತಿತು, ಅಳು ಬಂತು.

ಭಾನುವಾರ ಬೇಳದ ಇಗರ್ಜಿಗೆ ಹೋದೆ. 1890ರದ್ದು. ಅಮ್ಮನ ಮದುವೆ ಆದದ್ದು ಅಲ್ಲೇ. ಹೆಸರೇ ಶೋಕಮಾತೆಯದು, ಮಗ ಯೇಸುವನ್ನು ಕಳೆದುಕೊಂಡ ತಾಯಿ ಮರಿಯಳದು. ಇಷ್ಟು ವರ್ಷ ಅದನ್ನು ಯೋಚಿಸಿಯೇ ಇರಲಿಲ್ಲ. ಹಿಂದಿನ ಬೆಂಚಿನಲ್ಲಿ ತುಂಬಾ ಹೊತ್ತು ಕೂತಿದ್ದೆ.

ಆ ಅಕ್ಕನಿಗೆ ತುಂಬಾ ಥ್ಯಾಂಕ್ಸ್.