ಗೇಮ್ ಆಡುವಾಗ ಪಿಸಿ ತಾನೇ ರೀಸ್ಟಾರ್ಟ್ ಆಗುತ್ತಿದೆ: 20 ಸಾವಿರದಲ್ಲಿ ಏನು ಬದಲಾಯಿಸಲಿ?

ಪ್ರಶ್ನೆ (ಹಾಸನದಿಂದ)

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಅಂಗಡಿಯಲ್ಲಿ ಅಸೆಂಬಲ್ ಮಾಡಿಸಿದ ಪಿಸಿ. ರೈಜನ್ 5 5600ಜಿ ಪ್ರೊಸೆಸರ್, ಎ520 ಮದರ್‌ಬೋರ್ಡ್, 16 ಜಿಬಿಯ ಒಂದೇ ಡಿಡಿಆರ್4 ರ‍್ಯಾಮ್ ಸ್ಟಿಕ್, ಆರ್‌ಎಕ್ಸ್ 6500 ಎಕ್ಸ್‌ಟಿ 4 ಜಿಬಿ ಗ್ರಾಫಿಕ್ಸ್ ಕಾರ್ಡ್. ಎಸ್‌ಎಂಪಿಎಸ್ (ಪಿಸಿಗೆ ಕರೆಂಟ್ ಕೊಡೋ ಪವರ್ ಸಪ್ಲೈ) ಕ್ಯಾಬಿನೆಟ್ ಜೊತೆಗೇ ಬಂದದ್ದು, ಮೇಲೆ 500 ವಾಟ್ ಅಂತ ಬರೆದಿದೆ. ಕ್ಯಾಬಿನೆಟ್ ತುಂಬ ಬಣ್ಣದ ಫ್ಯಾನ್. ಮದುವೆ ಮನೆಗೆ ಹಾಕಿದ ಸೀರಿಯಲ್ ಸೆಟ್ ಥರ ಮಿನುಗುತ್ತೆ.

ವ್ಯಾಲರಂಟ್ ಪರವಾಗಿಲ್ಲ. ದೊಡ್ಡ ಓಪನ್ ವರ್ಲ್ಡ್ ಗೇಮ್ ಹಾಕಿದರೆ ತಡೆದು ತಡೆದು ಓಡುತ್ತೆ. 20 ನಿಮಿಷ ಆದ ಮೇಲೆ ಒಮ್ಮೊಮ್ಮೆ ಪಿಸಿ ಪಟ್ ಅಂತ ಆಫ್ ಆಗಿ ತಾನೇ ಆನ್ ಆಗುತ್ತೆ. ಅಂಗಡಿಯವರು "ಬಿಸಿ ಆಗ್ತಿದೆ, ಲಿಕ್ವಿಡ್ ಕೂಲರ್ ಹಾಕಿಸಿ, ಆಗಲೇ ರೈಜನ್ 7 ಕೂಡ ಹಾಕಿಸಿ" ಅಂತಿದ್ದಾರೆ. ಕೈಯಲ್ಲಿರೋದು 20 ಸಾವಿರ. ಹಾಕಿಸಲಾ?

ಹುಬ್ಬಳ್ಳಿಯಿಂದ

ದುಡ್ಡು ಕಿಸೆಯಲ್ಲೇ ಇರಲಿ. ಮೊದಲು ನಾಲ್ಕು ವಿಷಯ ನೋಡಿ ಹೇಳ್ರಿ.

ರೀಸ್ಟಾರ್ಟ್ ಆಗೋದು ಕರೆಂಟ್ ಹೋದಾಗಲೋ, ಕರೆಂಟ್ ಇದ್ದಾಗಲೋ? ಕರೆಂಟ್ ಹೋದಾಗ ಮಾತ್ರ ಅಂದ್ರೆ ಯುಪಿಎಸ್ ಕಡೆ ನೋಡಬೇಕಾಗುತ್ತೆ. ಎರಡನೆಯದು, ಗೇಮ್ ಆಡುವಾಗ ಪ್ರೊಸೆಸರ್ ಎಷ್ಟು ಡಿಗ್ರಿ ಬಿಸಿ ಆಗುತ್ತೆ? ಮೂರನೆಯದು, ಎಸ್‌ಎಂಪಿಎಸ್ ಮೇಲಿನ ಸ್ಟಿಕರ್‌ನಲ್ಲಿ +12ವಿ ಎದುರಿಗೆ ಎಷ್ಟು ಆಂಪ್ಸ್ ಬರೆದಿದೆ? 500 ವಾಟ್ ಅನ್ನೋ ದೊಡ್ಡ ಅಕ್ಷರ ನನಗೆ ಬೇಡ. ಕೊನೆಗೆ, ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಸ್ಪೀಡ್ ಎಷ್ಟು ತೋರಿಸುತ್ತೆ?

ಹಾಸನದಿಂದ

ಕರೆಂಟ್ ಇದ್ದಾಗಲೇ ಆಗುತ್ತೆ. ಪ್ರೊಸೆಸರ್ 74 ಡಿಗ್ರಿ ದಾಟಿಲ್ಲ. +12ವಿ ಎದುರಿಗೆ 16ಎ ಅಂತಿದೆ. ಮೆಮೊರಿ 2400 ತೋರಿಸ್ತಿದೆ, ಆದರೆ ನಾನು ತಗೊಂಡಿದ್ದು 3200. ಮೋಸ ಆಯ್ತಾ?

ಇನ್ನೊಂದು, ಕಾರ್ಡ್‌ಗೆ ಹೋಗೋ ಪವರ್ ವೈರ್ ನೇರವಾಗಿಲ್ಲ. ಹಳೆ ಹಾರ್ಡ್ ಡಿಸ್ಕ್ ಪಿನ್‌ನಿಂದ ಕನ್ವರ್ಟರ್ ಹಾಕಿದ್ದಾರೆ.

ಹುಬ್ಬಳ್ಳಿಯಿಂದ

ರ‍್ಯಾಮ್‌ನಲ್ಲಿ ಮೋಸ ಇಲ್ಲ. ಬೋರ್ಡ್‌ನ ಸೆಟ್ಟಿಂಗ್ ಪರದೆ ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ (ರ‍್ಯಾಮ್ ತನ್ನ ಪೂರ್ತಿ ವೇಗಕ್ಕೆ ಬರೋ ಸೆಟ್ಟಿಂಗ್) ಆನ್ ಮಾಡ್ರಿ, ಕೆಲವು ಬೋರ್ಡ್‌ಗಳಲ್ಲಿ ಅದಕ್ಕೆ ಡಿಒಸಿಪಿ ಅಂತಾರೆ. 3200 ತೋರಿಸುತ್ತೆ. ಖರ್ಚು ಸೊನ್ನೆ.

ಈಗ ಲೆಕ್ಕ ಮಾಡೋಣ. 12 ವೋಲ್ಟ್ ಗುಣಿಸು 16 ಆಂಪ್ಸ್ ಅಂದ್ರೆ 192 ವಾಟ್. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಊಟ ಮಾಡೋದು ಈ 12 ವೋಲ್ಟ್ ತಟ್ಟೆಯಿಂದಲೇ. 5600ಜಿ ಡಬ್ಬದ ಮೇಲೆ 65 ವಾಟ್ ಅಂತಿರುತ್ತೆ, ಆದರೆ ಪೂರ್ತಿ ಲೋಡ್‌ನಲ್ಲಿ 88 ವಾಟ್‌ವರೆಗೆ ಎಳೆಯುತ್ತೆ. 6500 ಎಕ್ಸ್‌ಟಿ 107 ವಾಟ್. ಕೂಡಿಸಿದರೆ 195. ಫ್ಯಾನ್‌ಗಳನ್ನು ಇನ್ನೂ ಲೆಕ್ಕಕ್ಕೇ ತಗೊಂಡಿಲ್ಲ. ಗ್ರಾಫಿಕ್ಸ್ ಕಾರ್ಡ್ ಕ್ಷಣ ಮಾತ್ರ ಅದಕ್ಕಿಂತ ಜಾಸ್ತಿ ಎಳೆಯೋದೂ ಉಂಟು. ಎಸ್‌ಎಂಪಿಎಸ್ ಕೈ ಎತ್ತುತ್ತೆ, ಪಿಸಿ ಪಟ್ ಅನ್ನುತ್ತೆ. 74 ಡಿಗ್ರಿಗೆ ಲಿಕ್ವಿಡ್ ಕೂಲರ್ ಯಾಕೆ ಬೇಕು ಅಂತ ನನಗಂತೂ ಅರ್ಥ ಆಗಲಿಲ್ಲ.

ಆ ಕನ್ವರ್ಟರ್ ಇವತ್ತೇ ತೆಗೀರಿ. ಅಂಥ ಪಿನ್ ಕರಗಿದ್ದನ್ನು ನಾನೇ ನೋಡಿದ್ದೇನೆ. 5600ಜಿ ಒಳಗೇ ಗ್ರಾಫಿಕ್ಸ್ ಇದೆಯಲ್ಲ, ಕಾರ್ಡ್ ಬಿಚ್ಚಿಟ್ಟು ಎಚ್‌ಡಿಎಂಐ ಕೇಬಲ್ ಬೋರ್ಡ್‌ಗೆ ಚುಚ್ಚಿ ನಾಲ್ಕು ದಿನ ಆಡ್ರಿ. ರೀಸ್ಟಾರ್ಟ್ ನಿಂತರೆ ಎಸ್‌ಎಂಪಿಎಸ್ ಮೇಲಿನ ಅನುಮಾನ ಗಟ್ಟಿಯಾಗುತ್ತೆ.

ಮೈಸೂರಿನಿಂದ

ಎಸ್‌ಎಂಪಿಎಸ್ ವಿಷಯ ಒಪ್ಪುತ್ತೇನೆ. ತಡೆದು ಓಡೋದಕ್ಕೆ ಕಾರಣ ಬೇರೆ. 6500 ಎಕ್ಸ್‌ಟಿ ಬೋರ್ಡ್ ಜೊತೆ ಮಾತಾಡೋದು ನಾಲ್ಕೇ ಪಿಸಿಐಇ ಲೇನ್‌ನಲ್ಲಿ, ಅಂದರೆ ಡೇಟಾ ಓಡಾಡೋ ನಾಲ್ಕೇ ದಾರಿಯಲ್ಲಿ. ಪಿಸಿಐಇ 4.0 ಆವೃತ್ತಿ ಇದ್ದರೆ ಸೆಕೆಂಡಿಗೆ ಸುಮಾರು 8 ಜಿಬಿ ಹೋಗುತ್ತೆ. ಆದರೆ 5600ಜಿ ಕೊಡೋದೇ 3.0, ಎ520 ಬೋರ್ಡ್ ಕೂಡ ಅಷ್ಟೇ. ಹಾಗಾಗಿ ಸೆಕೆಂಡಿಗೆ 4 ಜಿಬಿಗೆ ಇಳೀತು. ಕಾರ್ಡ್‌ನ 4 ಜಿಬಿ ಮೆಮೊರಿ ತುಂಬಿದ ಕೂಡಲೇ ಗೇಮ್ ಉಳಿದದ್ದನ್ನು ಈ ಸಣ್ಣ ಗಲ್ಲಿಯಲ್ಲೇ ರ‍್ಯಾಮ್‌ನಿಂದ ತರಿಸಬೇಕು. ಆಗ ಜರ್ಕ್ ಹೊಡೆಯುತ್ತೆ. ಕಾರ್ಡ್ ಕೆಟ್ಟದ್ದಲ್ಲ, ಜೋಡಿ ತಪ್ಪು. ಟೆಕ್ಸ್ಚರ್ ಮೀಡಿಯಂಗೆ ಇಳಿಸಿ ನೋಡಿ, ಅರ್ಧ ಕಾಟ ಹೋಗುತ್ತೆ.

ನನ್ನ ಸಲಹೆ: ಬಿ550 ಬೋರ್ಡ್, ಜೊತೆಗೆ ಜಿ ಇಲ್ಲದ ರೈಜನ್ 5 5600. 4.0 ಸಿಗುತ್ತೆ, ಪ್ರೊಸೆಸರ್ ಒಳಗಿನ ವೇಗದ ಮೆಮೊರಿ ಎಲ್3 ಕ್ಯಾಶ್ 16ರಿಂದ 32 ಎಂಬಿ ಆಗುತ್ತೆ.

ಹುಬ್ಬಳ್ಳಿಯಿಂದ

ರೋಗ ಸರಿಯಾಗಿ ಹಿಡಿದಿರಿ, ಔಷಧಿ ದುಬಾರಿ ಆಯ್ತು ಸರ್. ಎರಡು ಪಾರ್ಟ್ ಬದಲಾಯಿಸಿದರೂ ಕೊನೆಗೆ ಕೈಯಲ್ಲಿ ಉಳಿಯೋದು ಅದೇ 4 ಜಿಬಿ ಕಾರ್ಡ್, ಅಲ್ವಾ? ಅದರ ಬದಲು ಕಾರ್ಡ್ ಮಾರಿ ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 6600 ಹುಡುಕಲಿ. ಅದರಲ್ಲಿ 8 ಜಿಬಿ ಮೆಮೊರಿ, ಎಂಟು ಲೇನ್. ಈ ಹಳೆ ಬೋರ್ಡ್ ಮೇಲೂ ಸೆಕೆಂಡಿಗೆ 8 ಜಿಬಿ ಹೋಗುತ್ತೆ. ಎಳೆಯೋದು 132 ವಾಟ್, ಒಂದು 8 ಪಿನ್ ಕೇಬಲ್ ಸಾಕು. ಪ್ರೊಸೆಸರ್, ಬೋರ್ಡ್ ಎರಡನ್ನೂ ಮುಟ್ಟೋದೇ ಬೇಡ.

ಮೈಸೂರಿನಿಂದ

ಹೌದು, 20 ಸಾವಿರಕ್ಕೆ ಅದೇ ಸರಿ. ಹಾಸನದವರೇ, ಹುಡುಕುವಾಗ ಒಂದು ಎಚ್ಚರ. ಆರ್‌ಟಿಎಕ್ಸ್ 3050 ಅನ್ನೋ ಬೇರೆ ಕಾರ್ಡ್ ಹೆಸರಿನಲ್ಲಿ 8 ಜಿಬಿಯದೂ ಇದೆ, 6 ಜಿಬಿಯದೂ ಇದೆ. 6 ಜಿಬಿಯದರಲ್ಲಿ ಕೋರ್‌ಗಳೂ ಕಡಿಮೆ. ಹೆಸರು ನೋಡಿ ದುಡ್ಡು ಕೊಡಬೇಡಿ.

ಹಳೆ ಕಾರ್ಡ್ ತಗೊಳ್ಳೋದಾದರೆ ಮಾರುವವರ ಮನೆಯಲ್ಲೇ ಅರ್ಧ ಗಂಟೆ ಗೇಮ್ ಓಡಿಸಿ. ಫ್ಯಾನ್ ಕರಕರ ಅನ್ನುತ್ತಾ, ಪರದೆ ಮೇಲೆ ಚುಕ್ಕೆ ಬರುತ್ತಾ ನೋಡಿ. ಬಿಲ್ ಮತ್ತು ಸೀರಿಯಲ್ ನಂಬರ್ ಕೇಳಿ, ವಾರಂಟಿ ಎಷ್ಟು ಉಳಿದಿದೆ ಗೊತ್ತಾಗುತ್ತೆ. "ಪಾರ್ಸೆಲ್ ಕಳಿಸ್ತೀನಿ, ಮೊದಲು ಯುಪಿಐ ಮಾಡಿ" ಅಂದವರಿಗೆ ಕೈ ಮುಗಿದು ಬಿಡಿ.

ಹಾಸನದಿಂದ

ರ‍್ಯಾಮ್ ಇನ್ನೊಂದು 16 ಜಿಬಿ ಹಾಕಲಾ? ಎಸ್‌ಎಂಪಿಎಸ್ 750 ವಾಟ್ ತಗೊಂಡುಬಿಡಲಾ?

ಹುಬ್ಬಳ್ಳಿಯಿಂದ

750 ನಿಮಗೆ ಸುಮ್ನೆ ಖರ್ಚು. 80 ಪ್ಲಸ್ ಬ್ರಾಂಜ್ (ಕರೆಂಟ್ ಕಡಿಮೆ ವ್ಯರ್ಥ ಮಾಡುತ್ತೆ ಅನ್ನೋ ಮಾನ್ಯತೆ) ಇರೋ 550 ವಾಟ್ ಸಾಕು. ಆದರೆ ಸ್ಟಿಕರ್ ನೋಡ್ರಿ, +12ವಿ ಎದುರಿಗೆ 40 ಆಂಪ್ಸ್ ಆಸುಪಾಸು ಇರಬೇಕು, ಕಾರ್ಡ್‌ಗೆ ಹೋಗೋ 6+2 ಪಿನ್ ಕೇಬಲ್ ಅದರದ್ದೇ ಆಗಿರಬೇಕು. ಇದನ್ನು ಮಾತ್ರ ಹೊಸದೇ ತಗೊಳ್ರಿ.

ಒಂದೇ ಸ್ಟಿಕ್ 3200ರಲ್ಲಿ ಸೆಕೆಂಡಿಗೆ 25.6 ಜಿಬಿ ಕೊಡುತ್ತೆ, ಎರಡು ಹಾಕಿದರೆ 51.2. ಫರಕು ಗೊತ್ತಾಗುತ್ತೆ, ಅದರಲ್ಲೂ ಕಾರ್ಡ್ ಇಲ್ಲದೆ ಆಡುವಾಗ. ಆದರೆ ಅದು ಮೂರನೇ ಸಾಲಿನ ಖರ್ಚು. ಮೊದಲು ಎಸ್‌ಎಂಪಿಎಸ್, ಆಮೇಲೆ ಕಾರ್ಡ್, ದುಡ್ಡು ಮಿಕ್ಕಿದರೆ ರ‍್ಯಾಮ್. ಅದೇ ಕಂಪನಿ, ಅದೇ ಮಾಡೆಲ್ ಸಿಕ್ಕರೆ ತಲೆನೋವು ಕಡಿಮೆ.

ಹಾಸನದಿಂದ (ಎರಡು ವಾರ ಬಿಟ್ಟು)

ಕಾರ್ಡ್ ಬಿಚ್ಚಿಟ್ಟ ಐದು ದಿನ ಒಮ್ಮೆಯೂ ರೀಸ್ಟಾರ್ಟ್ ಆಗಲಿಲ್ಲ. ಹೊಸ 550 ವಾಟ್ ಹಾಕಿ ಹಳೆ ಕಾರ್ಡ್ ವಾಪಸ್ ಹಾಕಿದೆ, ಆಗಲೂ ಇಲ್ಲ. ಎಕ್ಸ್‌ಎಂಪಿ ಆನ್ ಮಾಡಿದೆ. ಮಾನಿಟರ್ ಸೆಕೆಂಡಿಗೆ 144 ಸಲ ಚಿತ್ರ ಬದಲಿಸೋ 144 ಹರ್ಟ್ಜ್‌ದು, ವಿಂಡೋಸ್‌ನಲ್ಲಿ ವರ್ಷದಿಂದ 60ರಲ್ಲೇ ಇತ್ತು! ಅದನ್ನೂ ಸರಿ ಮಾಡಿಕೊಂಡೆ. 6600 ಬೆಂಗಳೂರಿನಲ್ಲಿ ಒಬ್ಬರ ಹತ್ತಿರ ಇದೆ, ಭಾನುವಾರ ಹೋಗಿ ಓಡಿಸಿ ನೋಡ್ತೀನಿ.

ಹಳೆ ಎಸ್‌ಎಂಪಿಎಸ್ ತಮ್ಮನ ಪಿಸಿಗೆ ಹಾಕಲಾ? ಅವನು ಬರೀ ಟೈಪಿಂಗ್ ಮಾಡೋದು.

ಹುಬ್ಬಳ್ಳಿಯಿಂದ

ತಮ್ಮ ಏನು ತಪ್ಪು ಮಾಡಿದ್ದಾನೆ? ಇ-ವೇಸ್ಟ್ ತಗೊಳ್ಳೋರಿಗೆ ಕೊಡ್ರಿ. ಬಣ್ಣದ ಫ್ಯಾನ್ ಬೇಕಾದರೆ ಅವನಿಗೆ ಇರಲಿ.