ಚೆಕ್‌ರೋಲ್‌ನಲ್ಲಿ ನಾನು ಬರೆದದ್ದನ್ನು ಕಂಪ್ಯೂಟರ್ ತಾನಾಗಿ ತಿದ್ದುತ್ತಿದೆ, ನಿಲ್ಲಿಸುವುದು ಹೇಗೆ?

ಸುಂಟಿಕೊಪ್ಪ ಕಡೆಯ ತೋಟದ ರೈಟರ್

ಎಲ್ಲರಿಗೂ ನಮಸ್ಕಾರ. ಸುಂಟಿಕೊಪ್ಪ ಹತ್ತಿರದ ಒಂದು ಕಾಫಿ ತೋಟದಲ್ಲಿ ನಾನು ರೈಟರ್. 11 ವರ್ಷ ಉದ್ದನೆಯ ಪುಸ್ತಕದಲ್ಲೇ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಮತ್ತು ಕೂಲಿ ಲೆಕ್ಕ, ಬರೆದವಳು. 2025ರ ರೊಬಸ್ಟಾ ಕೊಯ್ಲಿನ ಹೊತ್ತಿಗೆ ಸಾಹುಕಾರ್ರು ಕಂಪ್ಯೂಟರ್ ತಂದುಕೊಟ್ಟರು. ಅವತ್ತಿನಿಂದ ಸ್ಪ್ರೆಡ್‌ಶೀಟ್‌ನಲ್ಲಿ ಬರೆಯುತ್ತಿದ್ದೇನೆ. ಕೂಡುವುದು, ಕಳೆಯುವುದು ಬೇಗ ಆಗುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಾನು ಒಂದು ಬರೆದರೆ ಅದು ಇನ್ನೊಂದು ಮಾಡುತ್ತದೆ.

ನಮ್ಮ ಪುಸ್ತಕದಲ್ಲಿ ಹೆಸರಿನ ಪಕ್ಕ ಬ್ರಾಕೆಟ್ಟಿನಲ್ಲಿ ಇಂಗ್ಲಿಷಿನ ಸಣ್ಣ ಸಿ ಇದ್ದರೆ ಕ್ಯಾಶುವಲ್ ಆಳು, ಆರ್ ಇದ್ದರೆ ರೆಗ್ಯುಲರ್. ಕ್ಯಾಶುವಲ್‌ಗೆ ಪ್ರತಿ ಶನಿವಾರ ಬಟವಾಡೆ, ರೆಗ್ಯುಲರ್‌ಗೆ ತಿಂಗಳಿಗೊಮ್ಮೆ. ಅದೇ ಗುರುತನ್ನು ಕಂಪ್ಯೂಟರಿನಲ್ಲೂ ಹಾಕಿದೆ. ಎಂಟರ್ ಒತ್ತಿದ ಕೂಡಲೇ ಸಿ ಹೋಗಿ ಕಾಪಿರೈಟ್ ಚಿಹ್ನೆ ಬಂತು. ಆರ್ ಹೋಗಿ ಟ್ರೇಡ್‌ಮಾರ್ಕಿಗೆ ಹಾಕುತ್ತಾರಲ್ಲ, ವೃತ್ತದೊಳಗಿನ ಆರ್, ಅದು ಬಂತು. ಅಕ್ಷರ ತುಂಬಾ ಚಿಕ್ಕದಿತ್ತು, ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಶನಿವಾರ ಪಟ್ಟಿ ತೆಗೆದರೆ ಕ್ಯಾಶುವಲ್ 14 ಜನ ಎಂದು ಬಂತು. ಆಫೀಸಿನ ಮುಂದೆ ನಿಂತಿದ್ದವರು 23 ಜನ. ಹಳೇ ಹಾಳೆಯಿಂದ ಕಾಪಿ ಮಾಡಿದ 14 ಹೆಸರಿನಲ್ಲಿ ಗುರುತು ಸರಿ ಇತ್ತು. ನಾನು ಹೊಸದಾಗಿ ಟೈಪ್ ಮಾಡಿದ 9 ಹೆಸರು ಲೆಕ್ಕಕ್ಕೇ ಬಂದಿರಲಿಲ್ಲ. ಅವರೆಲ್ಲ ಕೊಯ್ಲಿಗೆ ಅಂತ ಅಸ್ಸಾಮಿನಿಂದ ಬಂದವರು. ಪಟ್ಟಿ ನೋಡಿಯೇ ದುಡ್ಡು ತಂದಿದ್ದರಿಂದ ಅಷ್ಟು ಜನಕ್ಕೆ ಸಾಲಲಿಲ್ಲ. ಮರುದಿನ ಸಂತೆ. ಲೈನ್‌ಮನೆಗೆ ಅವರು ಸುಮ್ನೆ ವಾಪಸ್ ಹೋದರು, ಒಬ್ಬರೂ ಜಗಳ ಆಡಲಿಲ್ಲ. ಬೈದಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಇನ್ನೊಂದು ವಿಷಯ. ಅರ್ಧ ದಿನ ಕೆಲಸ ಮಾಡಿದವರಿಗೆ 1/2 ಎಂದು ಬರೆಯುವುದು ನಮ್ಮ ರೂಢಿ. ಅದು ಫೆಬ್ರವರಿ 1 ಆಯಿತು. ತಿಂಗಳ ಕೊನೆಗೆ ಒಬ್ಬಾಕೆಯ ಲೆಕ್ಕ ಕೂಡಿದರೆ 45712 ದಿನ! ಆಕೆ ನಿಜವಾಗಿ ಮಾಡಿದ್ದು ಇಪ್ಪತ್ತಮೂರೂವರೆ ದಿನ.

ಇದನ್ನೆಲ್ಲ ಒಂದೇ ಸಲಕ್ಕೆ ಆಫ್ ಮಾಡುವ ದಾರಿ ಇದೆಯಾ? ಗೊತ್ತಿದ್ದವರು ದಯವಿಟ್ಟು ಬಿಡಿಸಿ ಹೇಳಿ.

ಗೋಣಿಕೊಪ್ಪ, ಲೆಕ್ಕಪತ್ರದ ಕೆಲಸ

ಮೇಡಂ, ನಾಲ್ಕೈದು ತೋಟಗಳ ಲೆಕ್ಕ ನನ್ನ ಹತ್ತಿರ ಬರುತ್ತದೆ. ನಿಮಗೆ ಆದದ್ದು ಅವರಿಗೂ ಆಗಿದೆ. ಒಂದೇ ಸಲಕ್ಕೆ ಆಫ್ ಮಾಡುವ ಸ್ವಿಚ್ ಇಲ್ಲ. ಯಾಕೆಂದರೆ ಸಿ ಬದಲಾದದ್ದು ಒಂದು ಕಾರಣಕ್ಕೆ, 1/2 ಬದಲಾದದ್ದು ಬೇರೆಯೇ ಕಾರಣಕ್ಕೆ. ಸಾಫ್ಟ್‌ವೇರ್ ಯಾವುದು ಅಂತ ನೀವು ಬರೆದಿಲ್ಲ. ಜಾಸ್ತಿ ಜನ ಎಕ್ಸೆಲ್ ಬಳಸುವುದರಿಂದ ಅದರದ್ದೇ ಹೇಳುತ್ತೇನೆ.

ಸಿ ಬದಲಾಗುವುದು ಆಟೋಕರೆಕ್ಟ್‌ನಿಂದ. ಫೈಲ್, ಆಪ್ಷನ್ಸ್, ಪ್ರೂಫಿಂಗ್, ಅಲ್ಲಿ ಆಟೋಕರೆಕ್ಟ್ ಆಪ್ಷನ್ಸ್ ಬಟನ್. ಒಳಗೆ ಎರಡು ಸಾಲಿನ ಉದ್ದ ಪಟ್ಟಿ ಇರುತ್ತದೆ. ಎಡಗಡೆ ನೀವು ಬರೆಯುವುದು, ಬಲಗಡೆ ಅದು ಮಾಡುವುದು. ಪಟ್ಟಿಯ ಮೇಲ್ತುದಿಯಲ್ಲೇ ಬ್ರಾಕೆಟ್ಟಿನ ಸಿ, ಆರ್, ಟಿಎಂ ಸಿಗುತ್ತವೆ. ಒಂದೊಂದನ್ನೇ ಆರಿಸಿ ಡಿಲೀಟ್ ಒತ್ತಿ. ಪಟ್ಟಿಯೇ ಬೇಡ ಎಂದರೆ 'ರಿಪ್ಲೇಸ್ ಟೆಕ್ಸ್ಟ್ ಆಸ್ ಯು ಟೈಪ್' ಎಂಬಲ್ಲಿನ ಟಿಕ್ ತೆಗೆಯಿರಿ. ಆದರೆ ಆ ಪಟ್ಟಿ ವರ್ಡ್‌ಗೂ ಸೇರಿದ್ದು. ಇಲ್ಲಿ ಅಳಿಸಿದರೆ ಅಲ್ಲೂ ಹೋಗುತ್ತದೆ. ಸಾಹುಕಾರ್ರು ಅದೇ ಕಂಪ್ಯೂಟರಿನಲ್ಲಿ ಪತ್ರ ಟೈಪ್ ಮಾಡುವವರಾದರೆ ಮೊದಲೇ ಒಂದು ಮಾತು ಹೇಳಿಬಿಡಿ.

ಅದೇ ಕಿಟಕಿಯಲ್ಲಿ, ಶುರುವಿನ ಎರಡು ದೊಡ್ಡಕ್ಷರಗಳನ್ನು ತಿದ್ದುವ ಒಂದು ಟಿಕ್ ಕೂಡ ಇದೆ. ರೊಬಸ್ಟಾ ಚೆರಿಗೆ ನಾವು ಆರ್, ಸಿ ದೊಡ್ಡದಾಗಿ, ಎಚ್ ಸಣ್ಣದಾಗಿ ಬರೆಯುತ್ತೇವಲ್ಲ, ಅದರಲ್ಲಿ ಸಿ ತಾನಾಗಿ ಸಣ್ಣದಾಗುವುದು ಇದರಿಂದಲೇ. ಎಕ್ಸೆಪ್ಷನ್ಸ್ ಒಳಗೆ ಹೋಗಿ ನಿಮ್ಮ ಗುರುತು ಸೇರಿಸಿದರೆ ಮತ್ತೆ ಮುಟ್ಟುವುದಿಲ್ಲ.

ಆದರೆ ಆಟೋಕರೆಕ್ಟ್ ಆಫ್ ಮಾಡಿದರೂ 1/2 ಫೆಬ್ರವರಿಯೇ ಆಗುತ್ತದೆ. ಅದು ತಪ್ಪು ತಿದ್ದುವುದಲ್ಲ, ನೀವು ತಾರೀಕು ಬರೆದಿದ್ದೀರಿ ಎಂದು ತಿಳಿದುಕೊಳ್ಳುವುದು. ಎಕ್ಸೆಲ್ ಒಳಗೆ ತಾರೀಕು ಎಂದರೆ ದಿನಗಳ ಎಣಿಕೆ. 1900ರ ಜನವರಿ 1ಕ್ಕೆ 1 ಎಂದು ಶುರು. 2025ರ ಫೆಬ್ರವರಿ 1ಕ್ಕೆ ಆ ಎಣಿಕೆ 45689. ಅದಕ್ಕೆ ಆಕೆಯ 23 ದಿನ ಸೇರಿಸಿ ನೋಡಿ, ನಿಮ್ಮ 45712 ಬಂತು. ಅರ್ಧ ದಿನಕ್ಕೆ 0.5 ಎಂದು ಬರೆಯುವುದೇ ಒಳ್ಳೆಯದು. 1/2 ಎಂದೇ ಕಾಣಬೇಕಾದರೆ ಮೊದಲು ಸೊನ್ನೆ, ಒಂದು ಸ್ಪೇಸ್, ಆಮೇಲೆ 1/2 ಬರೆಯಿರಿ. ನೋಡಲು ಅರ್ಧ, ಕೂಡಲೂ ಅರ್ಧ.

ಈಗಾಗಲೇ ಹಾಳಾದ ಗುರುತುಗಳು ಸೆಟ್ಟಿಂಗ್ ಬದಲಿಸಿದರೆ ಸರಿಹೋಗುವುದಿಲ್ಲ. ಒಂದು ಸೆಲ್‌ನಿಂದ ಕಾಪಿರೈಟ್ ಚಿಹ್ನೆಯನ್ನು ಕಾಪಿ ಮಾಡಿ, ಕಂಟ್ರೋಲ್ ಮತ್ತು ಎಚ್ ಒತ್ತಿ, ಹುಡುಕುವ ಜಾಗದಲ್ಲಿ ಪೇಸ್ಟ್ ಮಾಡಿ. ಕೆಳಗೆ ಬ್ರಾಕೆಟ್ಟಿನ ಸಿ ಬರೆದು ಎಲ್ಲವನ್ನೂ ಬದಲಿಸಿ.

ನಾನಾಗಿದ್ದರೆ ಕ್ಯಾಶುವಲ್, ರೆಗ್ಯುಲರ್ ಎಂಬುದಕ್ಕೆ ಬೇರೆಯೇ ಒಂದು ಕಾಲಂ ಮಾಡಿ, ಬ್ರಾಕೆಟ್ ಇಲ್ಲದೆ ಒಂದೊಂದು ಅಕ್ಷರ ಹಾಕುತ್ತಿದ್ದೆ.

ಪೊನ್ನಂಪೇಟೆಯಲ್ಲಿ ಅರಣ್ಯಶಾಸ್ತ್ರ ಓದುತ್ತಿರುವವಳು

ಅಕ್ಕಾ, ನಿಮ್ಮ ತಪ್ಪು ಅಂತ ದಯವಿಟ್ಟು ಅಂದುಕೊಳ್ಳಬೇಡಿ. ದೊಡ್ಡ ದೊಡ್ಡ ವಿಜ್ಞಾನಿಗಳಿಗೂ ಇದೇ ಆಗಿದೆ. ಮನುಷ್ಯರ ಕೆಲವು ಜೀನ್‌ಗಳಿಗೆ ಮಾರ್ಚ್1, ಸೆಪ್ಟ್1 ಎಂಬ ಹೆಸರುಗಳಿದ್ದವು. ಎಕ್ಸೆಲ್ ಅವನ್ನು ತಾರೀಕು ಮಾಡುತ್ತಿತ್ತು. 2016ರಲ್ಲಿ ಕೆಲವರು ಪ್ರಕಟವಾದ ಸಂಶೋಧನೆಗಳನ್ನು ಹುಡುಕಿ ನೋಡಿದರು. ಎಕ್ಸೆಲ್‌ನಲ್ಲಿ ಜೀನ್ ಪಟ್ಟಿ ಕೊಟ್ಟಿದ್ದ ಲೇಖನಗಳಲ್ಲಿ ಸುಮಾರು ಐದರಲ್ಲಿ ಒಂದಕ್ಕೆ ಈ ತಪ್ಪು ಅಂಟಿಕೊಂಡಿತ್ತು. ಕೊನೆಗೆ 2020ರಲ್ಲಿ, ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಹೆಸರು ಬದಲಿಸಿದ್ದನ್ನು ತನ್ನ ನಿಯಮಗಳಲ್ಲಿ ಬರೆಯಿತು. ಮಾರ್ಚ್1 ಈಗ ಮಾರ್ಚ್‌ಎಫ್1. ಸೆಪ್ಟ್1 ಈಗ ಸೆಪ್ಟಿನ್1.

2023ರಲ್ಲಿ ಮೈಕ್ರೋಸಾಫ್ಟ್ ಇದಕ್ಕೆ ಹೊಸ ಸೆಟ್ಟಿಂಗ್ ಕೊಟ್ಟಿತು. ಆಪ್ಷನ್ಸ್ ಒಳಗೆ ಡೇಟಾ ಎಂಬಲ್ಲಿ 'ಆಟೋಮ್ಯಾಟಿಕ್ ಡೇಟಾ ಕನ್ವರ್ಷನ್' ಎಂದಿದೆ. ಮುಂದಿನ ಸೊನ್ನೆ ಅಳಿಸುವುದು, ಉದ್ದ ನಂಬರ್ ಕತ್ತರಿಸುವುದು, ಇವನ್ನೆಲ್ಲ ಅಲ್ಲಿ ನಿಲ್ಲಿಸಬಹುದು. ಆದರೆ ಅಕ್ಕಾ, ಆ ತಾರೀಕಿನ ಟಿಕ್ ಅಕ್ಷರವೂ ಅಂಕಿಯೂ ಅಂಟಿಕೊಂಡಿರುವುದಕ್ಕೆ ಮಾತ್ರ. ನಿಮ್ಮ 1/2ಕ್ಕೆ ಅದು ಉಪಯೋಗಕ್ಕೆ ಬರುವುದಿಲ್ಲ.

ಕೆಲಸದವರ ಬ್ಯಾಂಕ್ ಖಾತೆ ನಂಬರ್ ಇದ್ದರೆ ಈಗಲೇ ನೋಡಿಕೊಳ್ಳಿ. ನಂಬರ್ ಎಂದು ಸೇರಿಸಿದರೆ ಎಕ್ಸೆಲ್ 15 ಅಂಕಿ ಮಾತ್ರ ಉಳಿಸಿಕೊಳ್ಳುತ್ತದೆ. ಖಾತೆ ನಂಬರ್ 16 ಅಂಕಿಯದ್ದಾದರೆ ಕೊನೆಯದು ಸೊನ್ನೆ ಆಗಿಬಿಡುತ್ತದೆ, ಮತ್ತೆ ಸಿಗುವುದಿಲ್ಲ. ಪಾಸ್‌ಬುಕ್ ನೋಡಿ ಪುನಃ ಬರೆಯಬೇಕು.

ಸೋಮವಾರಪೇಟೆ ಕಡೆಯ ಬೆಳೆಗಾರ

ನಾನು ಲಿಬ್ರೆಆಫೀಸ್ ಬಳಸುವವನು. ಅದರಲ್ಲಿ ಟೂಲ್ಸ್ ಒಳಗೆ ಆಟೋಕರೆಕ್ಟ್ ಆಪ್ಷನ್ಸ್ ಇದೆ. ಅಲ್ಲಿ 1/2 ಬರೆದರೆ ಒಂದೇ ಅಕ್ಷರದ ಅರ್ಧ ಚಿಹ್ನೆ ಬರುತ್ತದೆ. ನೋಡಲು ಚೆಂದ, ಆದರೆ ಅದು ಅಂಕಿಯಲ್ಲ, ಕೂಡುವಾಗ ಬಿಟ್ಟುಹೋಗುತ್ತದೆ. ಫೆಬ್ರವರಿ 1 ಆದರೆ ಮೊತ್ತ ನೋಡಿದ ಕೂಡಲೇ ಗೊತ್ತಾಗುತ್ತದೆ. ಇದು ಗೊತ್ತೇ ಆಗುವುದಿಲ್ಲ, ಒಬ್ಬರ ಅರ್ಧ ದಿನ ಸದ್ದಿಲ್ಲದೆ ಹೋಗಿಬಿಡುತ್ತದೆ. ಬದಲಿಸುವ ಪಟ್ಟಿ ಅಲ್ಲಿ ಭಾಷೆಗೊಂದು ಇರುತ್ತದೆ. ಇಂಗ್ಲಿಷಿನದ್ದರಲ್ಲಿ ಅಳಿಸಿದರೆ ಇನ್ನೊಂದು ಭಾಷೆಯದ್ದರಲ್ಲಿ ಉಳಿದಿರಬಹುದು, ಮೇಲೆ ಯಾವ ಭಾಷೆ ಇದೆ ಎಂದು ನೋಡಿ ಅಳಿಸಿ.

ನನಗೆ ಜಾಸ್ತಿ ಕಾಟ ಕೊಟ್ಟದ್ದು ಮಳೆ ಲೆಕ್ಕ. ತಂದೆಯ ಕಾಲದಿಂದ ನಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಮಳೆ ಅಳೆದು ಬರೆಯುತ್ತೇವೆ, ಇಂಚು ಮತ್ತು ಸೆಂಟಿನಲ್ಲಿ. ಸೆಂಟ್ ಎಂದರೆ ಇಂಚಿನ ನೂರನೇ ಒಂದು ಭಾಗ. ಕಾಫಿ ಹೂ ಅರಳಿಸುವ ಹೂಮಳೆ 1 ಇಂಚು 20 ಸೆಂಟ್ ಬಂತು ಎಂದು 1.20 ಬರೆದರೆ, ಹಾಳೆ ಅದನ್ನು 1.2 ಮಾಡಿತು. ನನ್ನ ತಮ್ಮ ಅದನ್ನು 1 ಇಂಚು 2 ಸೆಂಟ್ ಎಂದು ಓದಿದ. ಇನ್ನೂ ಮಳೆ ಸಾಲದು ಎಂದು ಸ್ಪ್ರಿಂಕ್ಲರ್ ಹಾಕಲು ಪೈಪ್ ಎಳೆಸಿದ್ದ. ಕಾಲಂ ಪೂರ್ತಿ ಆರಿಸಿ, ಫಾರ್ಮ್ಯಾಟ್‌ನಲ್ಲಿ ಚುಕ್ಕಿಯ ಆಚೆ ಎರಡು ಸ್ಥಾನ ಎಂದು ಹಾಕಿದ ಮೇಲೆ ಸರಿಯಾಯಿತು.

ಆರ್‌ಟಿಸಿಯ ಸರ್ವೆ ನಂಬರ್ ಬರೆಯುವವರೂ ಹುಷಾರು. 12/3 ಎಂದರೆ ನಮ್ಮ ದೇಶದ ಸೆಟ್ಟಿಂಗ್ ಇರುವ ಎಕ್ಸೆಲ್‌ನಲ್ಲಿ ಮಾರ್ಚ್ 12, ಅಮೆರಿಕದ ಸೆಟ್ಟಿಂಗ್ ಇದ್ದರೆ ಡಿಸೆಂಬರ್ 3. ಬರೆಯುವ ಮೊದಲೇ ಕಾಲಂ ಅನ್ನು ಟೆಕ್ಸ್ಟ್ ಮಾಡಬೇಕು. ಬರೆದ ಮೇಲೆ ಟೆಕ್ಸ್ಟ್ ಮಾಡಿದರೆ ಐದು ಅಂಕಿಯ ಆ ಎಣಿಕೆ ಕಾಣಿಸುತ್ತದೆ ಅಷ್ಟೇ. ಒಂದೆರಡೇ ಇದ್ದರೆ ಮುಂದೆ ಒಂದು ಕೊಂಬು, ಅಂದರೆ ಮೇಲಿನ ಒಂಟಿ ಕಾಮಾ ಹಾಕಿ ಬರೆಯಿರಿ.

ಸುಂಟಿಕೊಪ್ಪ ಕಡೆಯ ತೋಟದ ರೈಟರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗೋಣಿಕೊಪ್ಪದ ಅಣ್ಣ ಹೇಳಿದ ಜಾಗದಲ್ಲೇ ಎಲ್ಲ ಇತ್ತು. ಪಟ್ಟಿಯಿಂದ ಮೂರನ್ನೂ ಅಳಿಸಿದೆ. ಗುರುತಿಗೆ ಬೇರೆ ಕಾಲಂ ಮಾಡಿದೆ. ಅರ್ಧ ದಿನ ಈಗ 0.5. ಮೇಸ್ತ್ರಿಗೂ ತೋರಿಸಿಕೊಟ್ಟೆ. ಖಾತೆ ನಂಬರಿನಲ್ಲಿ ಎರಡು ಕೆಟ್ಟಿದ್ದವು, ಪಾಸ್‌ಬುಕ್ ತರಿಸಿ ತಿದ್ದಿದೆ. ಪೊನ್ನಂಪೇಟೆಯ ತಂಗಿ ಹೇಳದಿದ್ದರೆ ಅದು ಗೊತ್ತೇ ಆಗುತ್ತಿರಲಿಲ್ಲ.

ಇವತ್ತು ಇನ್ನೊಂದು ಕಂಡಿತು. ನಮ್ಮಲ್ಲಿ ಇಬ್ಬರು ಪಾರ್ವತಿಯರು. ಮೊದಲನೆಯವಳ ಹೆಸರು ಇನಿಶಿಯಲ್ ಸೇರಿ ಮೇಲೆ ಇದೆ. ಕೆಳಗೆ ಎರಡನೆಯವಳಿಗೆ ಬರೀ ಪಾರ್ವತಿ ಎಂದು ಟೈಪ್ ಮಾಡಿ ಎಂಟರ್ ಒತ್ತಿದರೆ, ಮೊದಲನೆಯವಳ ಪೂರ್ತಿ ಹೆಸರೇ ಬರುತ್ತದೆ. ಒಬ್ಬಳ ಕೂಲಿ ಇನ್ನೊಬ್ಬಳ ಹೆಸರಿಗೆ ಹೋಗಬಾರದಲ್ವಾ?

ಗೋಣಿಕೊಪ್ಪ, ಲೆಕ್ಕಪತ್ರದ ಕೆಲಸ

ಅದು ಆಟೋಕಂಪ್ಲೀಟ್, ಮೂರನೆಯದೇ ಬೇರೆ. ಆಪ್ಷನ್ಸ್, ಅಡ್ವಾನ್ಸ್‌ಡ್, ಅಲ್ಲಿ 'ಎನೇಬಲ್ ಆಟೋಕಂಪ್ಲೀಟ್ ಫಾರ್ ಸೆಲ್ ವ್ಯಾಲ್ಯೂಸ್' ಟಿಕ್ ತೆಗೆಯಿರಿ. ಲಿಬ್ರೆಆಫೀಸ್‌ನವರಿಗೆ ಅದು ಟೂಲ್ಸ್ ಒಳಗೆ ಆಟೋಇನ್‌ಪುಟ್. ಚೆಕ್‌ರೋಲ್‌ಗಾದರೆ ಹೆಸರಿನ ಹಿಂದೆ ಪ್ರತಿಯೊಬ್ಬರಿಗೂ ಒಂದು ನಂಬರ್ ಕೊಟ್ಟುಬಿಡಿ. ಪುಸ್ತಕದಲ್ಲಿ ಮೊದಲು ಹಾಗೇ ಇತ್ತಲ್ವಾ?

ಸುಂಟಿಕೊಪ್ಪ ಕಡೆಯ ತೋಟದ ರೈಟರ್

ಇತ್ತು ಅಣ್ಣ. ಕಂಪ್ಯೂಟರ್ ಬಂತಲ್ಲ, ಇನ್ನು ಬೇಡ ಎಂದು ನಾನೇ ಬಿಟ್ಟಿದ್ದೆ. ಹಳೇ ಪುಸ್ತಕ ಕಪಾಟಿನಲ್ಲಿದೆ. ನಾಳೆ ಬೆಳಿಗ್ಗೆ ಮಸ್ಟರಿಗೆ ಮೊದಲು ಅದೇ ನಂಬರುಗಳನ್ನು ತುಂಬಿಸುತ್ತೇನೆ. ಆ 9 ಜನರ ಬಾಕಿಯನ್ನು ಸೋಮವಾರವೇ ಕೈಗೆ ಕೊಟ್ಟು, ಒಬ್ಬೊಬ್ಬರ ಸಾಲನ್ನೂ ಸ್ಕ್ರೀನಿನಲ್ಲಿ ತೋರಿಸಿದ್ದೇನೆ.